ಅಜ್ಜಾರು ಕಲಿಸಿದ ವಿದ್ಯೆ, ಊರು ಕೊಡಬೇಕಾದ ಕೆಲಸ

ಶ್ರಾವಣ ಹಿಡಿಯಿತೆಂದರೆ ಚಿಂಚೋಳಿ, ಸೇಡಂ, ಚಿತ್ತಾಪುರ ಸೀಮೆಯ ಗುಡಿ-ಮಠಗಳಲ್ಲಿ ಪುರಾಣ ಹಚ್ಚುತ್ತಾರೆ. ತೊಗರಿ ಹೊಲದಲ್ಲಿ ಎಡೆ ಹೊಡೆದು ಬಂದವರು, ಶಹಾಬಾದಿನ ಕಲ್ಲು ಖಣಿಯಿಂದ ಮರಳಿದವರು, ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿ ಮುಗಿಸಿದವರು ರಾತ್ರಿ ಊಟ ತೀರಿಸಿಕೊಂಡು ಬಂದು ಕೂಡುತ್ತಾರೆ. ನಡುವೆ ಶಾಸ್ತ್ರಿಗಳು, ಒಂದು ಬದಿಗೆ ಹಾರ್ಮೋನಿಯಂ ಹಿಡಿದ ಗವಾಯಿ, ಇನ್ನೊಂದು ಬದಿಗೆ ತಬಲಾ. ಊರಿನವರು ಹಂಚಿದ ಕರಪತ್ರದಲ್ಲಿ ಮೂವರ ಹೆಸರೂ ಇರುತ್ತದೆ: ಪುರಾಣ ಪ್ರವಚನ ಇಂಥವರಿಂದ, ಸಂಗೀತ ಸೇವೆ ಇಂಥವರಿಂದ, ತಬಲಾ ಸಾಥ್ ಇಂಥವರಿಂದ. ಸಂಗೀತದ ಆ ಹೆಸರುಗಳ ಜೊತೆಗೆ ಎಷ್ಟೋ ಸಲ ಒಂದು ವಿಳಾಸವೂ ಅಚ್ಚಾಗಿರುತ್ತದೆ: ವೀರೇಶ್ವರ ಪುಣ್ಯಾಶ್ರಮ, ಗದಗ.

ಹಾಗೆ ಬರುವ ಗವಾಯಿಗಳಲ್ಲಿ ಕಣ್ಣು ಕಾಣದವರು ಬಹಳ ಮಂದಿ. ಆದರೆ ಪುರಾಣ ನಡೆಯುವಷ್ಟು ದಿನ ಊರಿನವರು ಅವರನ್ನು ‘ಪಾಪ, ಕುರುಡ’ ಎಂದು ನೋಡುವುದಿಲ್ಲ. ಉಳಿಯಲು ಮನೆ, ಸರತಿಯಂತೆ ಊಟ, ಮಂಗಲದ ದಿನ ಶಾಲು, ಕೈಗೆ ಸಂಭಾವನೆ. ದುಡಿದು ಪಡೆದ ಹಣ ಅದು. ವೃತ್ತಿ ಪುನರ್ವಸತಿ ಎಂಬ ಇಲಾಖೆಯಾಗಲಿ, ಅದಕ್ಕೊಂದು ಕಾಯ್ದೆಯಾಗಲಿ ನಮ್ಮಲ್ಲಿ ಹುಟ್ಟುವ ಮೊದಲೇ ಉತ್ತರ ಕರ್ನಾಟಕದ ಒಂದು ಆಶ್ರಮ ಈ ಕೆಲಸ ಮಾಡಿ ತೋರಿಸಿತ್ತು. ಆ ಆಶ್ರಮವನ್ನೂ ಅದನ್ನು ಅರವತ್ತಾರು ವರ್ಷ ನಡೆಸಿದ ಪುಟ್ಟರಾಜ ಗವಾಯಿಗಳನ್ನೂ ನಮ್ಮ ಭಾಗದವರು ಭಕ್ತಿಯಿಂದ ನೆನೆಯುತ್ತಾರೆ. ಅವರ ವ್ಯವಹಾರದ ಜಾಣ್ಮೆಯನ್ನೂ ಅಷ್ಟೇ ಶ್ರದ್ಧೆಯಿಂದ ನೆನೆಯಬೇಕಾಗಿದೆ.

ಸಂಚಾರದಲ್ಲಿ ಹುಟ್ಟಿದ ಶಾಲೆ

ಕಥೆ ಶುರುವಾಗುವುದು ಹಾನಗಲ್ಲಿನ ಕುಮಾರ ಸ್ವಾಮಿಗಳಿಂದ. 1909ರಲ್ಲಿ ಬಾದಾಮಿ ಬಳಿ ಮಲಪ್ರಭೆಯ ದಂಡೆಗೆ ಶಿವಯೋಗ ಮಂದಿರ ಕಟ್ಟಿದವರು ಅವರೇ. ಹಾನಗಲ್ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟುಗುರುಡರಾದ ಇಬ್ಬರು ಅಣ್ಣತಮ್ಮಂದಿರು ಹಾಡುವುದನ್ನು ಕೇಳಿ, ಅವರನ್ನು ಕರೆತಂದು ಸಂಗೀತ ಕಲಿಸಿದರು. ಇಬ್ಬರಲ್ಲಿ ಒಬ್ಬರಾದ ಗದಿಗೆಯ್ಯ ಮುಂದೆ ಪಂಚಾಕ್ಷರ ಗವಾಯಿಗಳಾದರು. ಕರ್ನಾಟಕಿ, ಹಿಂದುಸ್ತಾನಿ ಎರಡನ್ನೂ ಕಲಿತ ಈ ಶಿಷ್ಯನಿಗೆ ಗುರು ಹೇಳಿದ್ದು ಒಂದೇ ಮಾತು ಎಂದು ಆಶ್ರಮದ ಹಿರಿಯರು ಇಂದಿಗೂ ಹೇಳುತ್ತಾರೆ: ಈ ವಿದ್ಯೆ ನಿನ್ನೊಬ್ಬನದಲ್ಲ, ನಿನ್ನಂಥವರಿಗೆ ಇದನ್ನು ಹಂಚು.

ಅವರು ಹಂಚಿದರು. ಮೊದಮೊದಲು ಶಾಲೆಗೆ ಕಟ್ಟಡವೇ ಇರಲಿಲ್ಲ. ಕುರುಡ ಮಕ್ಕಳನ್ನೂ ಬಡ ಮಕ್ಕಳನ್ನೂ ಕಟ್ಟಿಕೊಂಡು ಊರೂರು ಸುತ್ತುವುದು, ಒಂದೊಂದು ಊರಲ್ಲಿ ಕೆಲದಿನ ತಂಗುವುದು, ಜೋಳಿಗೆ ಹಿಡಿದು ತಂದ ಕಾಳಿನಲ್ಲಿ ಅಡುಗೆ, ಉಳಿದ ಹೊತ್ತು ಪಾಠ. 1942ರ ಹೊತ್ತಿಗೆ ಗದಗಿನ ಬಸರಿಗಿಡದ ವೀರಪ್ಪನವರು ಕೊಟ್ಟ ಜಾಗದಲ್ಲಿ ಶಾಲೆ ನೆಲೆ ನಿಂತಿತು. ದಾನಿಯ ಹೆಸರೇ ವೀರೇಶ್ವರ ಪುಣ್ಯಾಶ್ರಮವಾಗಿ ಉಳಿಯಿತು. ಎರಡೇ ವರ್ಷಕ್ಕೆ, 1944ರಲ್ಲಿ, ಪಂಚಾಕ್ಷರ ಗವಾಯಿಗಳು ತೀರಿಕೊಂಡರು. ಅವರ ಬದುಕು 1995ರಲ್ಲಿ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಸಿನಿಮಾ ಆಯಿತು. ಹಂಸಲೇಖ ಮತ್ತು ಎಸ್.ಪಿ. ಬಾಲಸುಬ್ರಹ್ಮಣ್ಯಂ ಇಬ್ಬರಿಗೂ ಅದು ರಾಷ್ಟ್ರಪ್ರಶಸ್ತಿ ತಂದುಕೊಟ್ಟಿತು. ನಮ್ಮ ಕಡೆಯ ಎಷ್ಟೋ ಮಂದಿಗೆ ಆಶ್ರಮ ಪರಿಚಯವಾದದ್ದು ಆ ಸಿನಿಮಾದಿಂದ.

ಪುಟ್ಟರಾಜ ಅಜ್ಜಾರು

ಗುರು ಹೋದಾಗ ಪುಟ್ಟರಾಜರಿಗೆ ಮೂವತ್ತು ವರ್ಷ. 1914ರ ಮಾರ್ಚ್ 3ರಂದು ದೇವಗಿರಿಯಲ್ಲಿ ಹುಟ್ಟಿದ ಅವರು ಕೂಸಿದ್ದಾಗಲೇ ಕಣ್ಣು ಕಳೆದುಕೊಂಡಿದ್ದರು. ತಂದೆಯೂ ಬೇಗ ಹೋದರು. ಸಾಕಿದ್ದು ಸೋದರಮಾವ. ಮಾವನ ಹಾರ್ಮೋನಿಯಂ ಮೇಲೆ ಆ ಮಗು ಕೈಯಾಡಿಸಿ ಸ್ವರ ಹುಡುಕುತ್ತಿದ್ದದ್ದನ್ನು ಕಂಡೇ ಮನೆಯವರು ಅವನನ್ನು ಪಂಚಾಕ್ಷರ ಗವಾಯಿಗಳ ಮಡಿಲಿಗೆ ಹಾಕಿದರು ಎಂಬುದು ಎಲ್ಲರೂ ಹೇಳುವ ಕಥೆ.

ಆ ಮೂವತ್ತರ ತರುಣನ ಮುಂದೆ ಆಗ ಇದ್ದದ್ದು ಗುರುವಿನ ಗದ್ದುಗೆ, ಊಟಕ್ಕೆ ಕಾದ ಮಕ್ಕಳು, ಬರಿದಾದ ಕಣಜ. ಸರ್ಕಾರದ ಅನುದಾನದ ಮಾತು ಇರಲಿಲ್ಲ. ಅವರು ನಾಟಕ ಕಂಪನಿಯನ್ನು ಕೈಗೆತ್ತಿಕೊಂಡರು. ಉತ್ತರ ಕರ್ನಾಟಕದ ಜಾತ್ರೆಗಳಿಗೆ ನಾಟಕ ಬೇಕು, ನಾಟಕಕ್ಕೆ ಹಾಡು ಬೇಕು, ಹಾಡಿಗೆ ಪೇಟಿ-ತಬಲಾ ಬೇಕು. ಪುಟ್ಟರಾಜರು ನಾಟಕ ಬರೆದರು, ರಾಗ ಹಾಕಿದರು, ತಾವೇ ಪೇಟಿ ನುಡಿಸಿದರು. ಕಣ್ಣಿದ್ದವರು ಬಣ್ಣ ಹಚ್ಚಿ ರಂಗಕ್ಕೆ ಹೋದರು, ಕಣ್ಣಿಲ್ಲದವರು ವಾದ್ಯ ಹಿಡಿದು ಕುಳಿತರು. ಟಿಕೆಟ್ಟಿನ ಹಣ ಆಶ್ರಮದ ಒಲೆ ಹೊತ್ತಿಸಿತು.

ಇದರಲ್ಲಿ ನಾವು ಗಮನಿಸಬೇಕಾದದ್ದು ಒಂದಿದೆ. ಮಕ್ಕಳಿಗೆ ಏನು ಕಲಿಸೋಣ ಎಂದು ಯೋಚಿಸುವ ಮೊದಲು ಸೀಮೆಗೆ ಏನು ಬೇಕಾಗಿದೆ ಎಂದು ಅವರು ನೋಡಿದರು. ಜಾತ್ರೆಯಿದೆ, ಪುರಾಣವಿದೆ, ಭಜನೆಯಿದೆ, ಕೀರ್ತನೆಯಿದೆ, ಮದುವೆ ಸೀಮಂತಕ್ಕೂ ಹಾಡಿದೆ. ಈ ಸೀಮೆಯ ಪಂಚಾಂಗದಲ್ಲಿ ಸಂಗೀತ ಬೇಡವೆನ್ನುವ ತಿಂಗಳೇ ಇಲ್ಲ. ಹೀಗಾಗಿ ಆಶ್ರಮದಲ್ಲಿ ಕಲಿತು ಹೊರಬಿದ್ದವನಿಗೆ ಕೆಲಸ ಮೊದಲೇ ಕಾದಿತ್ತು. ಕೆಲವರು ಗವಾಯಿಗಳಾದರು, ಕೆಲವರು ಕೀರ್ತನಕಾರರಾದರು, ಕೆಲವರು ಶಾಲೆಯಲ್ಲಿ ಸಂಗೀತ ಮಾಸ್ತರರಾದರು, ಕೆಲವರು ತಮ್ಮೂರಲ್ಲೇ ಪಾಠಶಾಲೆ ತೆರೆದರು.

ಭಕ್ತರು ತುಲಾಭಾರ ಮಾಡಿಸಲು ಬಂದಾಗಲೂ ಅಜ್ಜಾರ ಲೆಕ್ಕ ಅದೇ. ತಕ್ಕಡಿಯ ಒಂದು ತಟ್ಟೆಯಲ್ಲಿ ಅವರು, ಇನ್ನೊಂದರಲ್ಲಿ ನಾಣ್ಯ. ತೂಗಿದ್ದೆಲ್ಲ ಆಶ್ರಮದ ದಾಸೋಹಕ್ಕೆ. ಹಳ್ಳಿಹಳ್ಳಿಯಲ್ಲಿ ಅವರಿಗೆ ತುಲಾಭಾರಗಳಾದವು. ಜನ ಅದನ್ನು ಪುಣ್ಯವೆಂದು ಕೊಟ್ಟರು, ಅವರು ಮಕ್ಕಳ ಅನ್ನವೆಂದು ತೆಗೆದುಕೊಂಡರು. ಕಣ್ಣಿಲ್ಲದ, ದಿಕ್ಕಿಲ್ಲದ, ಬಡವರಾದ ಮಕ್ಕಳಿಗೆ ಜಾತಿ ಕೇಳದೆ ಊಟ, ವಸತಿ, ಪಾಠ. ಬಳ್ಳಾರಿ ಜಿಲ್ಲೆಯ ಲಕ್ಷ್ಮೀಪುರದಿಂದ ಬಂದ ಎಂ. ವೆಂಕಟೇಶ ಕುಮಾರ್ ಇಲ್ಲಿಯೇ ಹನ್ನೆರಡು ವರ್ಷ ಕಲಿತು ಇಂದು ದೇಶವೇ ಕೇಳುವ ಗಾಯಕರಾಗಿದ್ದಾರೆ. ಅದಕ್ಕೂ ಹಿಂದೆ ಪಂಚಾಕ್ಷರ ಗವಾಯಿಗಳ ಬಳಿ ಕಲಿತವರು ಬಸವರಾಜ ರಾಜಗುರು. ಈ ಇಬ್ಬರಿಗೂ ಕಣ್ಣಿತ್ತು. ಕಾಣುವವರೂ ಕಾಣದವರೂ ಒಂದೇ ಜಮಖಾನೆಯ ಮೇಲೆ ಕುಳಿತು ಒಂದೇ ಪಾಠ ಕಲಿತದ್ದು ಆಶ್ರಮದ ದೊಡ್ಡತನ. ಇಂದಿನ ಭಾಷೆಯಲ್ಲಿ ಅದನ್ನೇ ಸಮನ್ವಯ ಶಿಕ್ಷಣ ಎನ್ನುತ್ತಾರೆ.

ಪುಟ್ಟರಾಜರು ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಬರೆದರು. ಬ್ರೈಲ್ ಕಲಿತು ಕಾಣದವರಿಗಾಗಿಯೂ ಬರೆದರು. 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಸೆಪ್ಟೆಂಬರ್ 17ರಂದು ಅವರು ತೀರಿಕೊಂಡರು. ಈಗ ಕಲ್ಲಯ್ಯಜ್ಜನವರು ಆಶ್ರಮ ನಡೆಸುತ್ತಿದ್ದಾರೆ.

ಬೆರಳಿಗೆ ಬರುವ ಪಾಠ

ಕಣ್ಣಿಲ್ಲದ ಹುಡುಗನಿಗೆ ಹಾರ್ಮೋನಿಯಂ ಕಲಿಸುವಾಗ ಗುರು ಮೊದಲು ಅವನ ಬಲಗೈ ಹಿಡಿದು ಪೇಟಿಯ ಮೇಲೆ ಒಮ್ಮೆ ಸವರಿಸುತ್ತಾರೆ. ಕರಿ ಮನೆಗಳು ಬಿಳಿಯವಕ್ಕಿಂತ ಎತ್ತರ. ಎರಡರದೊಂದು ಗುಂಪು, ಮೂರರದೊಂದು ಗುಂಪು. ಎರಡರ ಗುಂಪು ಬೆರಳಿಗೆ ಸಿಕ್ಕರೆ ಸಾಕು, ಅದರ ಎಡ ಮಗ್ಗುಲಿನ ಬಿಳಿ ಮನೆಯೇ ‘ಬಿಳಿ ಒಂದು’. ಅಲ್ಲಿಂದ ಎಣಿಸಿದರೆ ಸಪ್ತಕದ ಏಳು ಬಿಳಿ, ಐದು ಕರಿ ಎಲ್ಲವೂ ಕೈವಶ. ಗಾಯಕ ‘ಕರಿ ಎರಡು’ ಎಂದ ಕೂಡಲೇ ಷಡ್ಜ ಅಲ್ಲಿಗೆ ಹೋಗಬೇಕು. ಎಡಗೈ ತಿದಿ ಒತ್ತುತ್ತಲೇ ಇರಬೇಕು, ಉಸಿರು ಕಡಿಯಬಾರದು. ಸ್ವರಲಿಪಿ ನೋಡಿ ನುಡಿಸುವ ದಾರಿ ಇವರಿಗಿಲ್ಲ. ಕೇಳಿದ್ದು ನೆನಪಿನಲ್ಲಿ ನಿಲ್ಲಬೇಕು, ನಿಂತದ್ದು ಬೆರಳಿಗೆ ಇಳಿಯಬೇಕು.

ತಬಲಾದಲ್ಲಿ ಮೊದಲ ಪಾಠ ಬಾಯಿಯದು. ತೀನ್‌ತಾಲದ ಹದಿನಾರು ಮಾತ್ರೆ ಬಾಯಿಪಾಠವಾಗಿ, ಒಂಬತ್ತನೆಯದಕ್ಕೆ ಖಾಲಿ ಬರುವುದು ಮೈಗೆ ತಿಳಿದ ಮೇಲೆಯೇ ಬೆರಳು ಚರ್ಮ ಮುಟ್ಟುವುದು. ಬಲಗಡೆಯ ತಬಲಾದ ನಡುವಿನ ಶಾಯಿ ಉಳಿದ ಚರ್ಮಕ್ಕಿಂತ ತುಸು ಉಬ್ಬಿದ್ದು, ಬೆರಳ ತುದಿಗೆ ಒರಟಾಗಿ ಸಿಗುತ್ತದೆ. ಅದರ ಅಂಚೆಲ್ಲಿ, ಕಿನಾರೆಯೆಲ್ಲಿ ಎಂದು ಗುರು ಬೆರಳು ಹಿಡಿದು ತೋರಿಸುತ್ತಾರೆ. ಶ್ರುತಿ ಮಾಡುವಾಗ ನೋಡಬೇಕು: ಎಡಗೈ ಬೆರಳಿನಿಂದ ಅಂಚಿನ ಹೆಣಿಗೆಯಾದ ಗಜರೆ ತಡವಿ, ಅಲ್ಲಿಗೇ ಸುತ್ತಿಗೆಯ ಸಣ್ಣ ಏಟು, ಮತ್ತೆ ಚರ್ಮದ ಮೇಲೊಂದು ಬೆರಳು. ತಪ್ಪಿದ ಮನೆಗೆ ಇನ್ನೊಂದು ಏಟು. ಹೀಗೆ ಸುತ್ತ ಬಂದು, ಹೆಚ್ಚು ಏರಿಸಬೇಕಿದ್ದರೆ ಕೆಳಗಿನ ಮರದ ಗಟ್ಟಿಗಳನ್ನು ತಟ್ಟಿ, ಪೇಟಿಯ ಷಡ್ಜಕ್ಕೆ ತಬಲಾ ಸೇರಿಸುತ್ತಾರೆ. ದೀಪ ಬೇಕಿಲ್ಲದ ಕೆಲಸ ಅದು. ಹಳಬರು ಹೊಸಬರಿಗೆ ಕಲಿಸುತ್ತ ಈ ವಿದ್ಯೆ ಮುಂದೆ ಸಾಗಿದೆ.

ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳೂ ಉಂಟು. ಅವು ನೌಕರಿಗೆ ಬೇಕಾದ ಕಾಗದ.

ಚಿಂಚೋಳಿ-ಚಂದಾಪುರದ ಕಡೆ ತಿರುಗಿದರೆ

ಎಲ್ಲರೂ ಗವಾಯಿಗಳಾಗಲಾರರು. ಕಾಲು ಸೋತವರಿದ್ದಾರೆ, ಕಿವಿ ಕೇಳದವರಿದ್ದಾರೆ, ಖಣಿಯಲ್ಲೋ ಯಂತ್ರದಲ್ಲೋ ಕೈ ಕಳೆದುಕೊಂಡವರಿದ್ದಾರೆ, ಬುದ್ಧಿಯ ಬೆಳವಣಿಗೆ ನಿಧಾನವಾದ ಮಕ್ಕಳಿದ್ದಾರೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಒಟ್ಟು 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ. ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ 4 ಮೀಸಲು ಎಂದಿದೆ. ತಮ್ಮ ಕೆಲಸಗಾರರಲ್ಲಿ ಶೇ 5ರಷ್ಟಾದರೂ ಅಂಗವಿಕಲರಿರುವಂತೆ ಖಾಸಗಿ ಉದ್ಯಮಗಳಿಗೆ ಉತ್ತೇಜನ ಕೊಡಿ ಎಂದು ಸರ್ಕಾರಕ್ಕೆ ಹೇಳಿದೆ.

ಕಲಿಯುವ ಜಾಗಗಳು ಕರ್ನಾಟಕದಲ್ಲಿ ಇಲ್ಲವೆಂದಲ್ಲ. ಮೈಸೂರಿನಲ್ಲಿ 1901ರಲ್ಲೇ ಅಂಧರ ಮತ್ತು ಕಿವುಡರ ಶಾಲೆ ಶುರುವಾಗಿತ್ತು. ಬೆಂಗಳೂರಿನಲ್ಲಿ ಸ್ವತಃ ಪೋಲಿಯೊಗೆ ತುತ್ತಾಗಿದ್ದ ಎನ್.ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ ಅಂಗವಿಕಲರ ಸಂಸ್ಥೆ ತೋಟಗಾರಿಕೆಯ ತರಬೇತಿಯನ್ನೂ ಕೊಡುತ್ತ ಬಂದಿದೆ. ನಮ್ಮ ಕಲಬುರಗಿಯಲ್ಲೂ ಅಂಧ ಮಕ್ಕಳ ಸರ್ಕಾರಿ ಶಾಲೆಯಿದೆ. ಆದರೆ ಚಿಂಚೋಳಿ ತಾಲ್ಲೂಕಿನ ತಾಂಡಾದಲ್ಲಿ ಮನೆಯ ಮೂಲೆಯಲ್ಲಿ ಕುಳಿತ ಯುವತಿಗೆ ಬೆಂಗಳೂರು ದೂರ, ಕಲಬುರಗಿಯೂ ದೂರ. ಅವಳ ಮನೆಗೆ ನಡೆದು ಬರುವವರು ಒಬ್ಬರೇ: ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಜನರ ಬಾಯಲ್ಲಿ ವಿಆರ್‌ಡಬ್ಲ್ಯು.

ಗ್ರಾಮ ಪಂಚಾಯಿತಿಗೊಬ್ಬರಂತೆ ಇರುವ ಇವರ ಮೇಲೆ ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ, ಅಂದರೆ ಎಂಆರ್‌ಡಬ್ಲ್ಯು. ಇವರೂ ಅಂಗವಿಕಲರೇ. ಕೋಲೂರಿಕೊಂಡೋ ಮೂರು ಚಕ್ರದ ಗಾಡಿಯಲ್ಲೋ ಮನೆಮನೆಗೆ ಹೋಗಿ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್ ಆಯಿತೇ, ಪಿಂಚಣಿ ಬಂತೇ ಎಂದು ವಿಚಾರಿಸುತ್ತಾರೆ. ಪಂಚಾಯಿತಿ ಹಣದಲ್ಲಿ ಅಂಗವಿಕಲರಿಗೆಂದು ತೆಗೆದಿಡಬೇಕಾದ ಶೇ 5 ಖರ್ಚಾಯಿತೇ ಎಂದು ಕೇಳುವವರೂ ಇವರೇ. ಉದ್ಯೋಗ ಖಾತ್ರಿಯಲ್ಲಿ ಅಂಗವಿಕಲರಿಗೆ ಕೆಲಸದ ಅಳತೆಯಲ್ಲಿ ಅರ್ಧ ರಿಯಾಯಿತಿ, ಕೂಲಿ ಪೂರ್ತಿ ಎಂಬ ಸಂಗತಿ ಎಷ್ಟೋ ಮನೆಗೆ ಮುಟ್ಟಿದ್ದು ಇವರ ಬಾಯಿಂದಲೇ. ಇಷ್ಟೆಲ್ಲ ಮಾಡುವ ಇವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಕಾಯಂ ಮಾಡಿ ಎಂದು ಅವರು ಮತ್ತೆ ಮತ್ತೆ ಮನವಿ ಕೊಡುತ್ತಲೇ ಬಂದಿದ್ದಾರೆ. ಊರಿನ ಅಂಗವಿಕಲರಿಗೆ ಬದುಕು ಕಟ್ಟಿಕೊಡಬೇಕಾದವರ ಬದುಕೇ ಗಟ್ಟಿಯಾಗಿಲ್ಲದಿರುವುದು ನ್ಯಾಯವಲ್ಲ.

ಗದಗಿನ ಪಾಠ ಬೇಕಾಗಿರುವುದು ಇಲ್ಲಿ. ಹೊಲಿಗೆ, ಮೊಬೈಲ್ ರಿಪೇರಿ, ಕಂಪ್ಯೂಟರ್ ಎಂದು ಎಲ್ಲ ಊರಿಗೂ ಒಂದೇ ತರಬೇತಿ ಕೊಟ್ಟು, ಪ್ರಮಾಣಪತ್ರ ಹಂಚಿ, ಫೋಟೊ ತೆಗೆದು ಕಳಿಸಿದರೆ ಪುನರ್ವಸತಿ ಆಗದು. ಸೇಡಂ, ಮಳಖೇಡ, ವಾಡಿಯಲ್ಲಿ ಸಿಮೆಂಟ್ ಇದೆ: ತೂಕದ ಕಾಟಾ, ಹಾಜರಿ, ಉಗ್ರಾಣ, ಫೋನು, ಇವೆಲ್ಲ ಕುಳಿತು ಮಾಡುವ ಕೆಲಸಗಳು. ಸೀಮೆ ತುಂಬ ತೊಗರಿಯಿದೆ, ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆಯೂ ಸಿಕ್ಕಿದೆ: ಬೇಳೆ ಹಸನು ಮಾಡುವುದು, ತೂಗಿ ಚೀಲ ತುಂಬುವುದು, ಲೇಬಲ್ ಹಚ್ಚುವುದು, ಸಂಘ ಕಟ್ಟಿ ಮಾರುವುದು. ಚಿಂಚೋಳಿ ಪಕ್ಕದ ಚಂದಾಪುರದಲ್ಲಿ ತಾಲ್ಲೂಕು ಕಚೇರಿಗಳಿವೆ: ಅರ್ಜಿ ಬರೆದುಕೊಡುವವರು, ಆನ್‌ಲೈನ್ ತುಂಬುವವರು ದಿನವೂ ಬೇಕು. ಕೆಲಸ ಮೊದಲು ಗುರುತಿಸಿ, ಆ ಕೆಲಸಕ್ಕೆ ಬೇಕಾದಷ್ಟು ಕಲಿಸಿ, ಮೊದಲ ಆರು ತಿಂಗಳು ಪಕ್ಕದಲ್ಲಿ ನಿಂತು, ಮೆಟ್ಟಿಲಿದ್ದಲ್ಲಿ ಇಳಿಜಾರು ಹಾಕಿಸಿ, ಬಸ್ಸಿಲ್ಲದ ಊರಿಗೆ ಗಾಡಿ ಕೊಡಿಸಿದರೆ ಆ ನೌಕರಿ ನಿಲ್ಲುತ್ತದೆ.

ಗವಾಯಿಗಳ ಕಾಲವೂ ಮೊದಲಿನಂತಿಲ್ಲ. ಮೊಬೈಲಿನಿಂದ ಹಾಡು ಹಾಕಿ ಧ್ವನಿವರ್ಧಕಕ್ಕೆ ಬಿಟ್ಟರೆ ಭಜನೆಯ ಮೇಳ ಬೇಡವೆನಿಸುತ್ತದೆ. ಕಂಪನಿ ನಾಟಕಗಳು ಕಮ್ಮಿಯಾಗಿವೆ. ಶಾಲೆಗಳಲ್ಲಿ ಸಂಗೀತ ಶಿಕ್ಷಕರ ನೇಮಕ ಅಪರೂಪ. ಪೂರ್ತಿ ಹದಿನಾರು ಮಾತ್ರೆ ಬಾಯಿಪಾಠ ಮಾಡಿ, ಪರೀಕ್ಷೆ ಪಾಸಾಗಿ ಬಂದ ತರುಣ ಶ್ರಾವಣ ಮುಗಿದ ಮೇಲೆ ಏನು ಮಾಡಬೇಕು? ಪುರಾಣಕ್ಕೆ ಕರೆಯುವ ಕಮಿಟಿಗಳು ಸಂಭಾವನೆಯನ್ನು ಕಾಲಕ್ಕೆ ತಕ್ಕಂತೆ ಏರಿಸಬಹುದು, ಶಾಲೆಗಳು ವಾರಕ್ಕೆರಡು ದಿನವಾದರೂ ಅವನಿಂದ ಪಾಠ ಮಾಡಿಸಬಹುದು. ಇದಕ್ಕೆ ಹೊಸ ಯೋಜನೆ ಬೇಕಿಲ್ಲ, ಮನಸ್ಸು ಬೇಕು.

2013–14ರಲ್ಲಿ ಮಂಜೂರಾದ ಗದಗ–ವಾಡಿ ರೈಲು ಮಾರ್ಗ ಇನ್ನೂ ಆಗುತ್ತಲೇ ಇದೆ. ತಳಕಲ್‌ನಿಂದ ಕುಷ್ಟಗಿವರೆಗೆ 2025ರಲ್ಲಿ ಗಾಡಿ ಓಡತೊಡಗಿತು. ಎಂದಾದರೂ ಅದು ವಾಡಿ ಮುಟ್ಟಿದಾಗ ನಮ್ಮ ಕಡೆಯ ಕಣ್ಣಿಲ್ಲದ ಹುಡುಗ ಒಂದೇ ಗಾಡಿ ಹತ್ತಿ ಗದಗಿಗೆ ಹೋಗಿ ಕಲಿತಾನು. ಕಲಿತು ಅದೇ ಗಾಡಿಯಲ್ಲಿ ಮರಳಿ ಬಂದವನಿಗೆ ಇಲ್ಲಿ ದುಡಿಮೆ ಇರಬೇಕು. ಯಾವ ಊರಲ್ಲಿ ಯಾರಿಗೆ ಯಾವ ಕೆಲಸ ಎಂಬ ಲೆಕ್ಕವನ್ನು ಒಬ್ಬ ಅಂಧ ಗವಾಯಿ ಬರಿಗೈಯಲ್ಲಿ ನಿಂತು ಹಾಕಿದರು. ಇನ್ನೊಬ್ಬ ಪುಟ್ಟರಾಜರು ಹುಟ್ಟಿ ಬರಲೆಂದು ನಾವು ಕಾಯುವುದು ಬೇಡ. ಗ್ರಾಮಸಭೆಯಲ್ಲಿ ಕುಳಿತು, ವಿಆರ್‌ಡಬ್ಲ್ಯು ಕೈಯಲ್ಲಿರುವ ಪಟ್ಟಿಯನ್ನು ಓದಿಸಿ, ಒಂದೊಂದು ಹೆಸರಿನ ಮುಂದೆ ಒಂದೊಂದು ಕೆಲಸ ಬರೆಯುತ್ತ ಹೋದರೆ ಆ ಲೆಕ್ಕ ಇಲ್ಲಿಯೂ ಶುರುವಾಗುತ್ತದೆ.