ಹೊಲದ ಮರಗೆಲಸಕ್ಕೆ ಟೇಬಲ್ ಸಾ: ಕೊಳ್ಳುವ ಮುಂಚೆ ಏನು ನೋಡಬೇಕು?

ಕುಂಟೆಯ ತಾಳು ಮುರಿಯುವುದು ಹದ ಬಂದ ದಿನವೇ. ಹಿಂದೆ ಸುಗ್ಗಿಯಲ್ಲಿ ಆಯ ಕೊಟ್ಟರೆ ಊರ ಬಡಿಗರು ವರ್ಷವಿಡೀ ನೊಗ, ಕುಂಟೆ, ಕೂರಿಗೆ ನೋಡಿಕೊಳ್ಳುತ್ತಿದ್ದರು. ಈಗ ಅವರ ಮಕ್ಕಳು ಪೇಟೆಯಲ್ಲಿ ಬಾಗಿಲು, ಮಂಚ ಮಾಡ್ತಾರೆ. ಅವರನ್ನು ಕರೆತರುವಷ್ಟರಲ್ಲಿ ಹದ ಆರಿರುತ್ತದೆ. ಉಳಿ, ಬಾಚಿ ಹಿಡಿಯಲು ಬರುವವರು ಮನೆಯಲ್ಲೇ ಮಾಡಿಕೊಳ್ಳಬಹುದು, ನಿಜ. ಆದರೆ ಜಾಲಿಮರವನ್ನು ಕೈಗರಗಸದಲ್ಲಿ ಉದ್ದಕ್ಕೆ ಸೀಳುವುದು ಐವತ್ತು ದಾಟಿದವರ ರಟ್ಟೆಗೆ ಆಗುವ ಕೆಲಸವಲ್ಲ. ಅದಕ್ಕಾಗಿ ನಾನು ಟೇಬಲ್ ಸಾ ಕೊಂಡೆ. ಕೊಳ್ಳುವ ಮುಂಚೆ ನಾಲ್ಕಾರು ಕಡೆ ತಿರುಗಿ, ಬಳಸುವವರನ್ನು ಕೇಳಿ ತಿಳಿದದ್ದನ್ನು ಬರೆಯುತ್ತಿದ್ದೇನೆ.

ಇದು ಒಂದು ಮೇಜು. ಮೇಜಿನ ಸೀಳಿನಿಂದ ದುಂಡನೆಯ ಬ್ಲೇಡು ಮೇಲೆ ಬಂದಿರುತ್ತದೆ. ಬ್ಲೇಡು ನಿಂತಲ್ಲೇ ತಿರುಗುತ್ತದೆ, ಮರವನ್ನು ನಾವು ದೂಡಬೇಕು. ದುಂಡು ದಿಮ್ಮಿ ಕೊಯ್ಯಲು ಇದು ಅಲ್ಲವೇ ಅಲ್ಲ. ದಿಮ್ಮಿಯನ್ನು ಸಾಮಿಲ್ಲಿನಲ್ಲಿ ಹಲಗೆ ಮಾಡಿಸಿ ತಂದು, ಇದರಲ್ಲಿ ಪಟ್ಟಿ ಸೀಳಿಕೊಳ್ಳಬೇಕು. 10 ಇಂಚಿನ ಬ್ಲೇಡು ಸುಮಾರು 3 ಇಂಚು ದಪ್ಪದ ಮರ ಕೊಯ್ಯುತ್ತದೆ, ನಮಗೆ ಧಾರಾಳ ಸಾಕು. ದೊಡ್ಡದು ಇರಲಿ ಅಂತ ಆಸೆಪಡಬೇಡಿ. ಕೇಂದ್ರ ಸರಕಾರದ 2016ರ ಮಾರ್ಗಸೂಚಿ 30 ಸೆಂ.ಮೀ.ಗಿಂತ ದೊಡ್ಡ ದುಂಡು ಬ್ಲೇಡು ಇಲ್ಲದೆ, ದಿಮ್ಮಿ ಕೊಯ್ಯದೆ, ಸೀಳಿದ ಮರವನ್ನಷ್ಟೇ ಬಳಸುವ ಘಟಕಗಳನ್ನು ಲೈಸೆನ್ಸಿನಿಂದ ಹೊರಗಿಟ್ಟಿದೆ. ಊರವರಿಗೆ ಬಾಡಿಗೆಗೆ ಕೊಯ್ದು ಕೊಡುವ ವಿಚಾರವಿದ್ದರೆ ಮೊದಲು ಅರಣ್ಯ ಕಚೇರಿಯಲ್ಲಿ ಕೇಳಿಕೊಳ್ಳಿ.

ನನಗೆ ಸಿಕ್ಕದ್ದು ಮೂರು ಬಗೆ. ಕೈಯಲ್ಲಿ ಹಿಡಿಯುವ ಕಟಿಂಗ್ ಮಷೀನನ್ನು ಪ್ಲೈವುಡ್ ಹಲಗೆಯ ಅಡಿಗೆ ತಲೆಕೆಳಗಾಗಿ ಬಿಗಿದು, ಸ್ವಿಚ್ಚನ್ನು ಹಗ್ಗದಿಂದ ಕಟ್ಟಿದ್ದು ಒಂದು. ಅಗ್ಗ, ಆದರೆ ಗಾಬರಿಯಾದಾಗ ನಿಲ್ಲಿಸುವುದು ಹೇಗೆ? ಅದನ್ನು ಬಿಟ್ಟುಬಿಡಿ. ಎರಡನೆಯದು ಪೆಟ್ಟಿಗೆಯಲ್ಲಿ ಬರುವ ಕಂಪನಿ ಮಷೀನು. ಹಗುರ, ಅಳತೆ ನಿಖರ. ಅದರಲ್ಲಿರುವುದು ಕಾರ್ಬನ್ ಬ್ರಷ್ ಮೋಟಾರು, ಕಿವಿ ಒಡೆಯುವಷ್ಟು ಸದ್ದು. ಬ್ರಷ್ ಸವೆದರೆ ಅದೇ ಕಂಪನಿಯದು ಹುಡುಕಬೇಕು. ಮೂರನೆಯದು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಬೆಲ್ಟಿನಿಂದ ತಿರುಗುವ, ವೆಲ್ಡಿಂಗ್ ಅಂಗಡಿಯವರು ಮಾಡುವ ಮಷೀನು. ನಾನು ಇದನ್ನೇ ಆರಿಸಿದೆ. ಕಾರಣ ಇಷ್ಟೆ: ಇದರ ಮೋಟಾರು ಸುಟ್ಟರೆ ನಮ್ಮ ಪಂಪಿನ ಮೋಟಾರು ಸುತ್ತುವವರೇ ಇದನ್ನೂ ಸುತ್ತಿ ಕೊಡ್ತಾರೆ.

ಸಿಂಗಲ್ ಫೇಸ್ 2 ಎಚ್‌ಪಿ ಸಾಕು. ಅದಕ್ಕೆ 16 ಆಂಪಿಯರ್ ಸಾಕೆಟ್ಟು, ಸರಿಯಾದ ಅರ್ಥಿಂಗ್ ಬೇಕು. ವೋಲ್ಟೇಜು ಬಿದ್ದ ಹೊತ್ತಿನಲ್ಲಿ ಈ ಮೋಟಾರು ಏಳದೆ ಗುಂಯ್‌ಗುಡುತ್ತದೆ. ಹಾಗಾದರೆ ತಕ್ಷಣ ಆಫ್ ಮಾಡಬೇಕು, ಇಲ್ಲದಿದ್ದರೆ ಸುಡುತ್ತದೆ. ಪಂಪ್‌ಸೆಟ್ ಲೈನಿನಿಂದ ಎಳೆಯಬೇಡಿ, ಅದು ನೀರೆತ್ತಲು ಕೊಟ್ಟ ಕರೆಂಟು. ಪುಲ್ಲಿಯ ಲೆಕ್ಕ ನಮಗೆ ಹೊಸದಲ್ಲ: 2880 ಸುತ್ತಿನ ಮೋಟಾರಿಗೆ 4 ಇಂಚು, ಬ್ಲೇಡಿನ ಶಾಫ್ಟಿಗೆ ಎರಡೂವರೆ ಇಂಚು ಹಾಕಿದರೆ ಬ್ಲೇಡು ನಿಮಿಷಕ್ಕೆ ಸುಮಾರು 4600 ಸುತ್ತು ತಿರುಗುತ್ತದೆ. ಬ್ಲೇಡಿನ ಮೇಲೆ ಬರೆದಿರುವ ಗರಿಷ್ಠ ಸುತ್ತು ಇದಕ್ಕಿಂತ ಹೆಚ್ಚಿರಬೇಕು.

ಅಂಗಡಿಯವರು ಎಚ್‌ಪಿ ಹೇಳ್ತಾರೆ, ಬಣ್ಣ ತೋರಿಸ್ತಾರೆ. ನೀವು ನೋಡಬೇಕಾದ್ದು ಗೈಡು. ಮರ ಆತುಕೊಂಡು ಹೋಗುವ ಉದ್ದನೆಯ ಪಟ್ಟಿಗೆ ಗೈಡು ಅಂತಾರೆ. ಪ್ಲಗ್ ಕಿತ್ತು, ಬ್ಲೇಡಿನ ಒಂದು ಹಲ್ಲಿಗೆ ಸುಣ್ಣದ ಗುರುತು ಹಾಕಿ. ಆ ಹಲ್ಲು ಮುಂದಿರುವಾಗ ಗೈಡಿಗೆ ಎಷ್ಟು ಅಂತರ ಅಂತ ಅಳೆಯಿರಿ. ಕೈಯಿಂದ ತಿರುಗಿಸಿ ಅದೇ ಹಲ್ಲನ್ನು ಹಿಂದಕ್ಕೆ ತಂದು ಮತ್ತೆ ಅಳೆಯಿರಿ. ಎರಡೂ ಒಂದೇ ಇರಬೇಕು. ಹಿಂದೆ ಕೂದಲೆಳೆ ಹೆಚ್ಚಿದ್ದರೆ ನಡೆಯುತ್ತದೆ, ಕಡಿಮೆ ಮಾತ್ರ ಇರಕೂಡದು. ಗೈಡನ್ನು ನಾಲ್ಕೈದು ಸಲ ಸರಿಸಿ, ಬಿಗಿದು, ಪ್ರತಿಸಲ ಅಳೆಯಿರಿ. ಬೇಸರಪಟ್ಟುಕೊಳ್ಳುವ ಅಂಗಡಿಯವರಲ್ಲಿ ಕೊಳ್ಳಬೇಡಿ. ಬ್ಲೇಡನ್ನು ಹಿಡಿದು ಅಲ್ಲಾಡಿಸಿಯೂ ನೋಡಿ, ಶಾಫ್ಟು ಸಡಿಲ ಇರಬಾರದು.

ಇಷ್ಟು ಯಾಕೆ ಹೇಳ್ತೇನೆಂದರೆ, ಬ್ಲೇಡಿನ ಮುಂಭಾಗದ ಹಲ್ಲು ಮರವನ್ನು ಕೆಳಕ್ಕೆ ಒತ್ತುತ್ತವೆ, ಹಿಂಭಾಗದವು ಮೇಲಕ್ಕೆ ಏಳುತ್ತವೆ. ಹಿಂದೆ ಜಾಗ ಕಿರಿದಾದರೆ ಮರ ಅಲ್ಲಿ ಸಿಕ್ಕಿಕೊಂಡು, ಎದ್ದು ನಮ್ಮ ಮೇಲೇ ಹಾರುತ್ತದೆ. ಹಲ್ಲಿನ ವೇಗ ಗಂಟೆಗೆ 200 ಕಿ.ಮೀ.ಗಿಂತ ಹೆಚ್ಚು. ಮರ ಹಾರಿದರೆ ಕೈ ಬ್ಲೇಡಿನ ಮೇಲೆ ಬೀಳುತ್ತದೆ. ಪಕ್ಕದೂರಿನ ಬಡಿಗರೊಬ್ಬರು ಎಡಗೈಯ ಎರಡು ಬೆರಳು ಕಳಕೊಂಡದ್ದು ಹೀಗೇ. ಮೂವತ್ತು ವರ್ಷ ಗರಗಸ ಹಿಡಿದವರು ಅವರು.

ಗೈಡು ಸರಿಯಿದ್ದರೂ ಹಸಿಮರ, ಒಳಗೆ ಬಿಗಿತ ಇರುವ ಮರ ಸೀಳಿದಂತೆಲ್ಲ ಮುಚ್ಚಿಕೊಂಡು ಬ್ಲೇಡನ್ನು ಕಚ್ಚುತ್ತದೆ. ಇದಕ್ಕಾಗಿ ಬ್ಲೇಡಿನ ಹಿಂದೆ ಒಂದು ಉಕ್ಕಿನ ತಗಡು ನಿಂತಿರಬೇಕು. ಕಂಪನಿ ಮಷೀನಿನಲ್ಲಿ ಇದು ಇರ್ತದೆ, ನಾನು ನೋಡಿದ ವೆಲ್ಡಿಂಗ್ ಅಂಗಡಿಯ ಮಷೀನುಗಳಲ್ಲಿ ಇರಲಿಲ್ಲ. ಕೇಳಿ ಹಾಕಿಸಿದೆ. ಹಲ್ಲಿನ ಅಗಲ 3 ಮಿ.ಮೀ., ಬ್ಲೇಡಿನ ಮೈ 2 ಮಿ.ಮೀ. ಇದ್ದರೆ ತಗಡು ಎರಡೂವರೆ ಮಿ.ಮೀ. ಇರಬೇಕು. ಹಲ್ಲಿಗೂ ಅದಕ್ಕೂ 5-6 ಮಿ.ಮೀ. ಅಂತರ ಸಾಕು. ಬ್ಲೇಡನ್ನು ಮೇಲೆ ಕೆಳಗೆ ಮಾಡಿದಾಗ ತಗಡೂ ಜೊತೆಗೇ ಹೋಗುವ ಹಾಗೆ ಕೂಡಿಸಲು ಹೇಳಿ.

ಉದ್ದಕ್ಕೆ ಸೀಳಲು 24 ಹಲ್ಲಿನ ಬ್ಲೇಡು, ಅಡ್ಡಕ್ಕೆ ಕೊಯ್ಯಲು 60 ಹಲ್ಲಿನದು. ಒಂದೇ ಕೊಳ್ಳುವುದಾದರೆ 40 ಹಲ್ಲಿನದು ತಗೊಳ್ಳಿ. ಹಳೇ ಮರದಲ್ಲಿ ಮೊಳೆ ಉಳಿದಿರ್ತದೆ, ಮೊದಲೇ ನೋಡಿ ಕೀಳಿ. ಟವೆಲ್ಲು ಹೆಗಲ ಮೇಲೆ ಬೇಡ, ತುಂಬುತೋಳಿನ ಅಂಗಿ ಬೇಡ, ಕೈಗವಸೂ ಬೇಡ. ಮೂಗಿಗೆ ಬಟ್ಟೆ ಇರಲಿ. ಮರದ ಕೊನೆಯ ಗೇಣನ್ನು ಕೈಯಿಂದ ದೂಡಬಾರದು, ಅದಕ್ಕೆ ಒಂದು ಕೋಲು ಬೇಕು. ಮೊಳದುದ್ದದ ಪಟ್ಟಿಯ ತುದಿಯಲ್ಲಿ ಮರ ಕಚ್ಚಿಕೊಳ್ಳುವ ಹಾಗೆ ಕಚ್ಚು ತೆಗೆದರೆ ಅದು ಆಯಿತು. ಮಷೀನು ಬರುವ ಮುಂಚೆಯೇ ಕೈಗರಗಸದಲ್ಲಿ ಅಂಥವು ಎರಡು ಮಾಡಿಟ್ಟುಕೊಳ್ಳಿ.