ಪ್ರೋಗ್ರೆಸಿವ್ ಎಂ.ಎಸ್. ಜೊತೆ ಹೈದರಾಬಾದಿನಲ್ಲಿ ಚಟುವಟಿಕೆಯಿಂದ ಇರೋದು ಹೇಗೆ?

ಹೈದರಾಬಾದಿನಲ್ಲಿ ‘ನನಗೆ ಎಂ.ಎಸ್.’ ಅಂದ್ರೆ ಮುಂದಿನ ಪ್ರಶ್ನೆ ‘ಯಾವ ಯೂನಿವರ್ಸಿಟಿ?’ ಅಂತಲೇ ಬರುತ್ತೆ. ಮನೆಗೊಬ್ಬರು ಅಮೆರಿಕಕ್ಕೆ ಎಂ.ಎಸ್. ಓದೋಕೆ ಹೊರಡುವ ಊರಲ್ವಾ ಇದು. ನಾನು ಓದಿದ್ದು ಎಂ.ಟೆಕ್. ನನಗಿರುವ ಎಂ.ಎಸ್. ಅಂದ್ರೆ ಮಲ್ಟಿಪಲ್ ಸ್ಕ್ಲೆರೋಸಿಸ್, ಅದರಲ್ಲೂ ಪ್ರೈಮರಿ ಪ್ರೋಗ್ರೆಸಿವ್ ಅನ್ನುವ ಬಗೆ. ಪ್ರೋಗ್ರೆಸ್ ಅನ್ನೋದು ಒಳ್ಳೆಯ ಪದ ಅಂತ ಅಪ್ರೈಸಲ್‌ನಲ್ಲಿ ಕೇಳಿ ಅಭ್ಯಾಸ ನಮಗೆ. ಇಲ್ಲಿ ಪ್ರೋಗ್ರೆಸ್ ಆಗೋದು ಕಾಯಿಲೆ.

ಒಳಗೆ ಏನಾಗುತ್ತೆ ಅಂತ ಮೊದಲು ಹೇಳ್ತೀನಿ. ಮಿದುಳು ಮತ್ತು ಬೆನ್ನುಹುರಿಯ ನರಗಳ ಮೇಲೆ ಮಯಲಿನ್ ಅನ್ನುವ ಕೊಬ್ಬಿನ ಹೊದಿಕೆ ಇರುತ್ತೆ, ವೈರಿನ ಮೇಲಿನ ಪ್ಲಾಸ್ಟಿಕ್ ಇದ್ದ ಹಾಗೆ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಅದನ್ನು ಹಾಳು ಮಾಡುತ್ತೆ. ಹೊದಿಕೆ ಹೋದ ಕಡೆ ಸಂದೇಶ ತಡವಾಗಿ ಹೋಗುತ್ತೆ, ಕೆಲವು ಸಲ ಹೋಗೋದೇ ಇಲ್ಲ. ನಮ್ಮ ಭಾಷೆಯಲ್ಲಿ ಪ್ಯಾಕೆಟ್ ಲಾಸ್. ಬಹಳ ಜನರಿಗೆ ಇದು ಬಂದು ಹೋಗುವ ದಾಳಿಗಳಾಗಿ ಶುರುವಾಗುತ್ತೆ. ನೂರರಲ್ಲಿ 10-15 ಜನರಿಗೆ ಮಾತ್ರ ಮೊದಲಿನಿಂದಲೇ ನಿಧಾನವಾಗಿ ಏರುತ್ತಾ ಹೋಗುತ್ತೆ. ದಾಳಿ ಇಲ್ಲ, ಆದ್ದರಿಂದ ‘ಯಾವತ್ತಿನಿಂದ?’ ಅಂದ್ರೆ ಹೇಳೋಕೆ ತಾರೀಖೂ ಇಲ್ಲ. ನನ್ನ ಎಡಪಾದದ ತುದಿ ಮೆಟ್ಟಿಲಿಗೆ ತಾಗೋದು ಶುರುವಾಗಿ ಹೆಸರು ಸಿಗುವ ಹೊತ್ತಿಗೆ ಎರಡು ವರ್ಷ ಆಗಿತ್ತು.

ಈ ಬಗೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಮೊದಲ ಔಷಧಿ ಒಕ್ರೆಲಿಜುಮ್ಯಾಬ್, ಅದೂ 2017ರಲ್ಲಿ. ಆರು ತಿಂಗಳಿಗೊಮ್ಮೆ ಡ್ರಿಪ್. ಕಾಯಿಲೆಯ ವೇಗ ಕಡಿಮೆ ಮಾಡುತ್ತೆ, ಹೋದದ್ದನ್ನು ವಾಪಸ್ ತರಲ್ಲ. ಹಾಗಾಗಿ ಉಳಿದಿರೋದನ್ನು ಹೇಗೆ ಬಳಸೋದು ಅನ್ನೋದೇ ನನ್ನ ದಿನದ ಪ್ರಶ್ನೆ. ಈ ಊರಿನಲ್ಲಿ ಅದಕ್ಕೆ ದೊಡ್ಡ ಅಡ್ಡಿ ಬಿಸಿಲು.

1890ರಲ್ಲಿ ವಿಲ್‌ಹೆಲ್ಮ್ ಊಟ್‌ಹೋಫ್ ಅನ್ನುವ ಜರ್ಮನಿಯ ಕಣ್ಣಿನ ವೈದ್ಯರು ಒಂದು ವಿಷಯ ಗಮನಿಸಿದರು. ಎಂ.ಎಸ್. ಇದ್ದವರು ಸ್ವಲ್ಪ ಶ್ರಮಪಟ್ಟರೆ ಅವರ ದೃಷ್ಟಿ ಮಂಜಾಗುತ್ತಿತ್ತು. ಕಾರಣ ಶ್ರಮ ಅಂದುಕೊಂಡರು. ಅಸಲಿ ಕಾರಣ ಮೈ ಬಿಸಿಯಾಗೋದು ಅಂತ ಆಮೇಲೆ ಗೊತ್ತಾಯಿತು. ಹೊದಿಕೆ ಕಳೆದುಕೊಂಡ ನರ ಮೊದಲೇ ಅಂಚಿನಲ್ಲಿ ಕೆಲಸ ಮಾಡ್ತಿರುತ್ತೆ, ಮೈಯ ಶಾಖ ಅರ್ಧ ಡಿಗ್ರಿ ಏರಿದರೂ ಸಂದೇಶ ನಿಂತುಬಿಡಬಹುದು. ಎಂ.ಆರ್.ಐ. ಬರುವ ಮುಂಚೆ ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಈ ಕಾಯಿಲೆ ಪರೀಕ್ಷೆ ಮಾಡ್ತಿದ್ದರಂತೆ. ಮೇ ತಿಂಗಳಲ್ಲಿ ಮಿಯಾಪುರದ ರಸ್ತೆಯಲ್ಲಿ ನಿಂತರೆ ಆ ಪರೀಕ್ಷೆ ಪುಕ್ಕಟೆ ಆಗುತ್ತೆ.

ಇದನ್ನು ಇಷ್ಟು ಎಳೆದು ಹೇಳೋಕೆ ಕಾರಣ ಇದೆ. ಹತ್ತು ನಿಮಿಷ ನಡೆದಾಗ ಕಾಲು ಎಳೆಯೋಕೆ ಶುರುವಾದರೆ ‘ನಡೆದಿದ್ದರಿಂದ ಕಾಯಿಲೆ ಹೆಚ್ಚಾಯ್ತು’ ಅಂತ ಹೆದರಿ ಜನ ಮಂಚ ಹಿಡಿಯುತ್ತಾರೆ. ಆದರೆ ಶಾಖದಿಂದ ಬಂದ ತೊಂದರೆ ತಂಪಾದ ಮೇಲೆ ಇಳಿಯುತ್ತೆ, ನರಕ್ಕೆ ಹೊಸ ಪೆಟ್ಟು ಬಿದ್ದಿರಲ್ಲ. ಜ್ವರ ಇಲ್ಲದೆ ಹೊಸ ತೊಂದರೆ 24 ಗಂಟೆ ದಾಟಿ ಉಳಿದರೆ ಮಾತ್ರ ಅದು ಬೇರೆ ಮಾತು, ಆಗ ನ್ಯೂರಾಲಜಿಸ್ಟ್‌ಗೆ ಫೋನ್ ಮಾಡಲೇಬೇಕು.

ಹಿಂದೆ ವೈದ್ಯರೂ ‘ದಣಿಯಬೇಡಿ, ವಿಶ್ರಾಂತಿ ತಗೊಳ್ಳಿ’ ಅನ್ನುತ್ತಿದ್ದರು. 1996ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು ಎಂ.ಎಸ್. ಇದ್ದ 54 ಜನರ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಅದರಲ್ಲಿ ಒಂದು ಗುಂಪು 15 ವಾರ, ವಾರಕ್ಕೆ ಮೂರು ದಿನ ವ್ಯಾಯಾಮ ಮಾಡಿತು. ಅವರ ದಮ್ಮು, ಸ್ನಾಯುಬಲ ಎರಡೂ ಸುಧಾರಿಸಿದವು. ಅಲ್ಲಿಂದ ಗಾಳಿ ತಿರುಗಿತು. ಈಗಿನ ಸಲಹೆ ವಾರಕ್ಕೆ 150 ನಿಮಿಷದಷ್ಟು ಚಟುವಟಿಕೆ, ಅವರವರ ಶಕ್ತಿಗೆ ತಕ್ಕ ಹಾಗೆ. ಗಾಲಿಕುರ್ಚಿಯಲ್ಲಿ ಕೂತು ಕೈ ಆಡಿಸೋದೂ ಇದರಲ್ಲಿ ಬರುತ್ತೆ.

ನನ್ನ ಲೆಕ್ಕ ಹೀಗಿದೆ. ಬೆಳಗ್ಗೆ ಐದೂವರೆಗೆ ತಣ್ಣೀರು ಸ್ನಾನ, ಆಮೇಲೆ ಅಪಾರ್ಟ್‌ಮೆಂಟಿನೊಳಗೆ ಎಂಟು ನಿಮಿಷ ನಡಿಗೆ, ಬೆಂಚಿನ ಮೇಲೆ ನಾಲ್ಕು ನಿಮಿಷ, ಮತ್ತೆ ಎಂಟು ನಿಮಿಷ. ಕುತ್ತಿಗೆಗೆ ಒದ್ದೆ ಟವೆಲ್. ಏಪ್ರಿಲ್, ಮೇನಲ್ಲಿ ಹೊರಗೆ ಇಳಿಯೋದೇ ಇಲ್ಲ, ಹಾಲ್‌ನಲ್ಲಿ ಎ.ಸಿ. ಹಾಕಿಕೊಂಡು ಸ್ಟೇಷನರಿ ಸೈಕಲ್. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಪಾದದ ವ್ಯಾಯಾಮ ಸ್ಟ್ಯಾಂಡಪ್ ಮೀಟಿಂಗ್ ಹೊತ್ತಿನಲ್ಲಿ ಕ್ಯಾಮೆರಾ ಆಫ್ ಮಾಡಿ ಆಗುತ್ತೆ. (ಮ್ಯಾನೇಜರ್‌ಗೆ ಗೊತ್ತು.) ಆಫೀಸಿಗೆ ಮೆಟ್ರೋ. ಲಿಫ್ಟ್ ಇದೆ, ತಂಪಿದೆ. ಅಮೀರ್‌ಪೇಟೆಯಲ್ಲಿ ರಾಯದುರ್ಗಂ ರೈಲಿಗೆ ಬದಲಾಯಿಸುವಾಗ ಒಂದು ರೈಲು ಬಿಟ್ಟುಕೊಡ್ತೀನಿ, ಓಡಲ್ಲ. ತಲೆ ಹೆಚ್ಚು ಓಡಿಸಬೇಕಾದ ಕೆಲಸ ಬೆಳಗ್ಗೆ 11ರೊಳಗೆ, ಇಮೇಲ್ ಮಧ್ಯಾಹ್ನ. ಈ ಕಾಯಿಲೆಯ ಆಯಾಸ ನಿದ್ದೆಗೆಟ್ಟಾಗಿನ ಆಯಾಸದ ಥರ ಅಲ್ಲ, ಬ್ಯಾಟರಿ 40ರಿಂದ ಒಂದೇ ಸಲ 2ಕ್ಕೆ ಬೀಳುತ್ತೆ. 40 ಇರುವಾಗಲೇ ನಿಲ್ಲಿಸೋದು ಕಲಿಯಬೇಕು.

ನೀರಿನ ವಿಷಯ ಯಾರೂ ಹೇಳಲ್ಲ, ನಾನು ಹೇಳಿಬಿಡ್ತೀನಿ. ಎಂ.ಎಸ್. ಇದ್ದಾಗ ಮೂತ್ರ ತಡೆಯೋದು ಕಷ್ಟ, ಅದಕ್ಕೆ ಹೊರಗೆ ಹೊರಟಾಗ ನೀರು ಕುಡಿಯೋದನ್ನೇ ಬಿಡ್ತೀವಿ. ಆದರೆ ನೀರು ಕಡಿಮೆಯಾದರೆ ಮೂತ್ರದ ಸೋಂಕು ಬರಬಹುದು, ಸೋಂಕಿನಿಂದ ಜ್ವರ, ಜ್ವರದಿಂದ ಮತ್ತದೇ ಶಾಖದ ಕಥೆ. ನೀರು ಕುಡೀರಿ, ದಾರಿಯ ಟಾಯ್ಲೆಟ್ ಎಲ್ಲಿದೆ ಅಂತ ಗುರುತಿಟ್ಟುಕೊಳ್ಳಿ.

ಕೋಲಿನ ವಿಷಯಕ್ಕೆ ಬರ್ತೀನಿ. ಜಾನ್ ಕರ್ಟ್ಸ್‌ಕಿ ಅನ್ನುವ ವೈದ್ಯರು 1983ರಲ್ಲಿ ವಿಸ್ತರಿಸಿದ ಅಳತೆಗೋಲು ಈಗಲೂ ಬಳಕೆಯಲ್ಲಿದೆ, 0ರಿಂದ 10. ಒಂದು ಕೋಲಿನ ಆಸರೆಯಲ್ಲಿ ಸುಮಾರು 100 ಮೀಟರ್ ನಡೆಯೋದಾದರೆ 6. ನಾನಿರೋದು ಅಲ್ಲಿ. ಒಬ್ಬ ಎಂಜಿನಿಯರ್ ಆಗಿ ಹೇಳೋದಾದರೆ ಇದು ಅಷ್ಟೇನೂ ಒಳ್ಳೆಯ ಮೆಟ್ರಿಕ್ ಅಲ್ಲ. ಮಧ್ಯದ ಅಂಕಗಳು ನಡಿಗೆಯನ್ನೇ ಅಳೆಯುತ್ತವೆ, ಕೋಡ್ ಬರೆಯುವ ಕೈ, ನೆನಪು ಇವಕ್ಕೆ ಹೆಚ್ಚು ಬೆಲೆ ಇಲ್ಲ. ಕೋಲಿಲ್ಲದೆ ನಾನು ನಾಲ್ಕನೇ ಗೋಡೆ ಹಿಡಿಯುವ ಹೊತ್ತಿಗೆ ಸುಸ್ತು. ಕೋಲಿದ್ದರೆ ತರಕಾರಿ ಅಂಗಡಿವರೆಗೆ ಹೋಗಿ ಬರ್ತೀನಿ. ಹೋದ ಸಲ ಕಲಬುರಗಿಯಲ್ಲಿ ಶರಣಬಸವೇಶ್ವರ ಜಾತ್ರೆಗೆ ಹೊರಟಾಗ ಅವ್ವ ಫೋನಿನಲ್ಲಿ ಅಂದಳು, ‘ಕೋಲ ಹಿಡ್ಕೊಂಡ್ ಬರಬ್ಯಾಡಪ್ಪ, ಮಂದಿ ಏನಂತಾರ.’ ‘ಕೋಲ ಇಲ್ದ ಬಂದ್ರ ನೀನೇ ನನ್ನ ಕೈ ಹಿಡೀಬೇಕವ್ವ, ಆಗ ಮಂದಿ ಏನಂತಾರ?’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಬಿಸಿಲು ಇಳಿದ ಮೇಲೆ ಬಾ ಅಂದಳು.

‘ಪಾಸಿಟಿವ್ ಆಗಿರು’ ಅಂತ ಹೇಳುವವರಿಗೆ ಒಂದು ಮಾತು. ಎಂ.ಎಸ್. ಇರುವವರಲ್ಲಿ ಖಿನ್ನತೆ ಬೇರೆಯವರಿಗಿಂತ ಬಹಳ ಹೆಚ್ಚು, ಅದಕ್ಕೆ ಮಿದುಳಿನಲ್ಲಾಗುವ ಬದಲಾವಣೆಯೂ ಒಂದು ಕಾರಣ. ಅದಕ್ಕೆ ಚಿಕಿತ್ಸೆ ಇದೆ, ಕೆಲಸಕ್ಕೂ ಬರುತ್ತೆ. ಎರಡು ವಾರ ಯಾವುದರಲ್ಲೂ ಆಸಕ್ತಿ ಇಲ್ಲ ಅನಿಸಿದರೆ ಕೋಟ್‌ಗಳ ಫಾರ್ವರ್ಡ್ ಓದೋದು ಬಿಟ್ಟು ಡಾಕ್ಟರ್‌ಗೆ ಹೇಳಿ. ನನಗೆ ಗೆಲುವು ಬರೋದು ನಾಳೆಗೆ ಒಂದು ಸಣ್ಣ ಕೆಲಸ ಬಾಕಿ ಇದ್ದಾಗ. ಭಾನುವಾರ ಇಬ್ಬರು ಹುಡುಗರಿಗೆ ಪೈಥಾನ್ ಹೇಳಿಕೊಡ್ತೀನಿ, ಅವರು ಹೋಮ್‌ವರ್ಕ್ ಮಾಡಿಲ್ಲ ಅಂತ ಸಿಟ್ಟು ಬಂದರೆ ಆ ವಾರ ನಾನು ಚೆನ್ನಾಗಿದ್ದೀನಿ ಅಂತ ಅರ್ಥ.

ಕೊನೆಗೆ ಕಾಗದದ ಕೆಲಸ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಸರಿದೆ. ಅದರ ಪ್ರಮಾಣಪತ್ರ ದೇಶದಾದ್ಯಂತ ನಡೆಯುತ್ತೆ, ಕರ್ನಾಟಕದಲ್ಲಿ ಮಾಡಿಸಿದ್ದರೆ ಇಲ್ಲಿ ಬೇರೆ ಬೇಡ. ಶೇ. 40 ಇದ್ದರೆ ಹಳೆ ತೆರಿಗೆ ಪದ್ಧತಿಯಲ್ಲಿ 75,000 ರೂಪಾಯಿ ಕಡಿತ ಸಿಗುತ್ತೆ. ಖಾಸಗಿ ಕಂಪನಿಯೂ ಸಮಾನ ಅವಕಾಶದ ನೀತಿ ಪ್ರಕಟಿಸಬೇಕು ಅಂತ ಅದೇ ಕಾಯ್ದೆ ಹೇಳುತ್ತೆ, ಎಚ್.ಆರ್. ಹತ್ತಿರ ಅದನ್ನು ಕೇಳಿ. 1985ರಲ್ಲಿ ಶುರುವಾದ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾದ ಶಾಖೆ ಹೈದರಾಬಾದಿನಲ್ಲೂ ಇದೆ, ಬೆಂಗಳೂರಿನಲ್ಲೂ ಇದೆ. ಹೊಸದಾಗಿ ಗೊತ್ತಾದವರು ಮೊದಲ ತಿಂಗಳಲ್ಲೇ ಅಲ್ಲಿಗೆ ಒಂದು ಫೋನ್ ಮಾಡಿ. ಯುಡಿಐಡಿ ಅರ್ಜಿ ತುಂಬೋದು ಹೇಗೆ ಅಂತ ಮುಂದಿನ ವಿಡಿಯೋದಲ್ಲಿ ಸ್ಕ್ರೀನ್ ಹಂಚಿಕೊಂಡು ತೋರಿಸ್ತೀನಿ, ಎಂ.ಆರ್.ಐ. ರಿಪೋರ್ಟು, ಆಧಾರ್ ಸ್ಕ್ಯಾನ್ ಮಾಡಿ ಇಟ್ಟುಕೊಂಡಿರಿ.