ದೊಡ್ಡ ಕೈಜೋಡಿ (ಲಿಮಿಟ್ ಹೋಲ್ಡೆಮ್)

ದೊಡ್ಡ ಕೈಜೋಡಿ ಎಂಬುದು ಹೋಲ್ಡೆಮ್ ಪೋಕರ್ ಆಟದಲ್ಲಿ ಆಟಗಾರನಿಗೆ ಗುಪ್ತವಾಗಿ ಹಂಚಲಾದ ಎರಡು ಎಲೆಗಳೂ ಎಕ್ಕ, ರಾಜ, ರಾಣಿ ಅಥವಾ ಗುಲಾಮ ಆಗಿರುವ ಸ್ಥಿತಿ. ಇಂಗ್ಲಿಷಿನ ಬಳಕೆಯಂತೆ ಇದನ್ನು ಪಾಕೆಟ್ ಪೇರ್ ಎಂದೂ ಕರೆಯುತ್ತಾರೆ. ಮೇಜಿನ ಮೇಲೆ ಮೊದಲ ಮೂರು ಸಾಮಾನ್ಯ ಎಲೆಗಳು (ಫ್ಲಾಪ್) ಬಿದ್ದ ಅನಂತರ ಈ ಜೋಡಿಯನ್ನು ಹೇಗೆ ಆಡಬೇಕು ಎಂಬುದು ಲಿಮಿಟ್ ಹೋಲ್ಡೆಮ್‌ನ ಮೂಲಭೂತ ಪ್ರಶ್ನೆಗಳಲ್ಲಿ ಒಂದು.

ಆಟದ ಸ್ವರೂಪ

ಹೋಲ್ಡೆಮ್‌ನಲ್ಲಿ ಪ್ರತಿಯೊಬ್ಬ ಆಟಗಾರನಿಗೂ ಎರಡು ಗುಪ್ತ ಎಲೆಗಳಿರುತ್ತವೆ. ಬಳಿಕ ಎಲ್ಲರಿಗೂ ಸಲ್ಲುವ ಐದು ಎಲೆಗಳನ್ನು ಮೂರು ಹಂತಗಳಲ್ಲಿ ತೆರೆಯಲಾಗುತ್ತದೆ: ಫ್ಲಾಪ್‌ನಲ್ಲಿ ಮೂರು, ಟರ್ನ್‌ನಲ್ಲಿ ಒಂದು, ರಿವರ್‌ನಲ್ಲಿ ಒಂದು. ಈ ಏಳು ಎಲೆಗಳಿಂದ ಆಯ್ದ ಅತ್ಯುತ್ತಮ ಐದು ಎಲೆಗಳ ಕೈಗೆ ಗೆಲುವು.

ಲಿಮಿಟ್ ಬಗೆಯಲ್ಲಿ ಪಣದ ಪ್ರಮಾಣ ಮೊದಲೇ ನಿಗದಿಯಾಗಿರುತ್ತದೆ. ಮೊದಲ ಎರಡು ಸುತ್ತುಗಳಲ್ಲಿ ಸಣ್ಣ ಪಣ, ಕೊನೆಯ ಎರಡು ಸುತ್ತುಗಳಲ್ಲಿ ಅದರ ಎರಡರಷ್ಟು. ಒಂದು ಸುತ್ತಿನಲ್ಲಿ ಸಾಮಾನ್ಯವಾಗಿ ಒಂದು ಪಣ ಮತ್ತು ಮೂರು ಏರಿಕೆಗಳಿಗೆ ಮಾತ್ರ ಅವಕಾಶ. ಹೀಗಾಗಿ ಭಾರೀ ಪಣವೊಡ್ಡಿ ಎದುರಾಳಿಯನ್ನು ಬೆದರಿಸಿ ಓಡಿಸುವುದು ಇಲ್ಲಿ ಸಾಧ್ಯವಿಲ್ಲ. ಮುಂದಿನ ವಿವೇಚನೆಗೆಲ್ಲ ಈ ನಿಯಮವೇ ಆಧಾರ.

ಸಂಭವನೀಯತೆ

52 ಎಲೆಗಳ ಕಟ್ಟಿನಿಂದ ಎರಡು ಎಲೆಗಳನ್ನು 1,326 ವಿಧಗಳಲ್ಲಿ ಆಯಬಹುದು. ಯಾವುದೇ ಒಂದು ನಿರ್ದಿಷ್ಟ ಜೋಡಿ 6 ವಿಧಗಳಲ್ಲಿ ಮಾತ್ರ ಬರುತ್ತದೆ. ಆದುದರಿಂದ ಎಕ್ಕದ ಜೋಡಿ ಸರಾಸರಿ 221 ಕೈಗಳಿಗೊಮ್ಮೆ, ಮೇಲಿನ ನಾಲ್ಕರಲ್ಲಿ ಯಾವುದಾದರೊಂದು ಸುಮಾರು 55 ಕೈಗಳಿಗೊಮ್ಮೆ ದೊರೆಯುತ್ತದೆ.

ಫ್ಲಾಪ್‌ನಲ್ಲಿ ಅದೇ ಬೆಲೆಯ ಮೂರನೆಯ ಎಲೆ ಬಂದು ಕೈ ‘ಸೆಟ್’ ಅಥವಾ ಅದಕ್ಕಿಂತ ಬಲವಾದದ್ದಾಗುವ ಸಾಧ್ಯತೆ ಶೇ. 11.8. ಅಂದರೆ ಎಂಟೂವರೆ ಬಾರಿಗೆ ಒಮ್ಮೆ. ಉಳಿದ ಹೆಚ್ಚಿನ ಸಂದರ್ಭಗಳಲ್ಲಿ ಜೋಡಿ ಜೋಡಿಯಾಗಿಯೇ ಉಳಿಯುತ್ತದೆ. ಫ್ಲಾಪ್‌ನಲ್ಲಿ ತನ್ನ ಜೋಡಿಗಿಂತ ದೊಡ್ಡ ಎಲೆ ಒಂದಾದರೂ ಬೀಳುವ ಸಾಧ್ಯತೆ ಹೀಗಿದೆ:

ಎಕ್ಕದ ಜೋಡಿಗೆ – ಇಲ್ಲ
ರಾಜನ ಜೋಡಿಗೆ – ಶೇ. 22.6
ರಾಣಿಯ ಜೋಡಿಗೆ – ಶೇ. 41.4
ಗುಲಾಮನ ಜೋಡಿಗೆ – ಶೇ. 57.0

ಎದುರಾಳಿಗಳ ಸಂಖ್ಯೆಯೂ ಮುಖ್ಯ. ಯಾರೂ ಕೈಬಿಡದೆ ಕೊನೆಯವರೆಗೂ ಉಳಿದರೆ, ಎಕ್ಕದ ಜೋಡಿ ಯಾದೃಚ್ಛಿಕ ಎಲೆಗಳುಳ್ಳ ಒಬ್ಬನ ವಿರುದ್ಧ ಸುಮಾರು ಶೇ. 85 ಬಾರಿ ಗೆಲ್ಲುತ್ತದೆ. ಒಂಬತ್ತು ಮಂದಿಯ ವಿರುದ್ಧ ಸುಮಾರು ಶೇ. 31 ಬಾರಿ ಮಾತ್ರ. ಹತ್ತು ಜನರಲ್ಲಿ ಒಬ್ಬನ ಸಮಪಾಲು ಶೇ. 10 ಆದುದರಿಂದ ಶೇ. 31 ಕೂಡ ಲಾಭದ ಪಾಲೇ. ಆದರೆ ಅಂತಹ ಮೇಜಿನಲ್ಲಿ ಅತ್ಯುತ್ತಮ ಜೋಡಿ ಗೆಲ್ಲುವುದಕ್ಕಿಂತ ಹೆಚ್ಚು ಬಾರಿ ಸೋಲುತ್ತದೆ ಎಂಬುದನ್ನು ಹೊಸಬರು ಮರೆಯುತ್ತಾರೆ.

ಫ್ಲಾಪ್‌ನ ಅನಂತರದ ಆಟ

ಫ್ಲಾಪ್‌ನ ಎಲೆಗಳೆಲ್ಲ ಜೋಡಿಗಿಂತ ಚಿಕ್ಕವಾಗಿದ್ದರೆ ಅದನ್ನು ಮೇಲ್ಜೋಡಿ (ಓವರ್‌ಪೇರ್) ಎನ್ನುತ್ತಾರೆ. ಆಗ ಪಣವೊಡ್ಡುವುದೂ ಏರಿಸುವುದೂ ಸಾಮಾನ್ಯವಾಗಿ ಸರಿಯಾದ ಕ್ರಮ. ಫ್ಲಾಪ್‌ನಲ್ಲಿ ಒಂದೇ ಗುರುತಿನ ನಾಲ್ಕು ಎಲೆಗಳನ್ನು ಹೊಂದಿ ಐದನೆಯದಕ್ಕೆ ಕಾಯುವವನಿಗೆ ಅದು ರಿವರ್‌ನೊಳಗೆ ದೊರೆಯುವ ಸಾಧ್ಯತೆ ಸುಮಾರು ಶೇ. 35. ನಿಗದಿತ ಪಣದಿಂದ ಅವನನ್ನು ಹೊರಹಾಕಲಾಗದು. ಅವನು ಉಳಿಯುವುದು ಲೆಕ್ಕದ ಪ್ರಕಾರ ಸರಿಯೂ ಹೌದು. ಆದರೆ ಪುಕ್ಕಟೆಯಾಗಿ ಎಲೆ ನೋಡಲು ಬಿಡದೆ ಬೆಲೆ ತೆರುವಂತೆ ಮಾಡಬಹುದು. ಸೆಟ್ ದೊರೆತಾಗ ಬಲ ಮರೆಮಾಚಿ ಸುಮ್ಮನಿರುವುದಕ್ಕಿಂತ ನೇರವಾಗಿ ಪಣವೊಡ್ಡುವುದೇ ಹೆಚ್ಚಿನ ಸಂದರ್ಭಗಳಲ್ಲಿ ಲಾಭಕರ ಎನ್ನುವುದಕ್ಕೂ ಇದೇ ಕಾರಣ.

ದೊಡ್ಡ ಎಲೆ ಬಿದ್ದಾಗ ಎದುರಾಳಿಗಳ ಸಂಖ್ಯೆಯನ್ನು ಗಮನಿಸಬೇಕು. ಒಬ್ಬನೇ ಇದ್ದರೆ ಅವನ ಕೈಯಲ್ಲಿ ಆ ಎಲೆ ಇಲ್ಲದಿರುವ ಸಾಧ್ಯತೆಯೇ ಹೆಚ್ಚಾದುದರಿಂದ ಪಣ ಮುಂದುವರಿಸಬಹುದು. ನಾಲ್ಕೈದು ಮಂದಿ ಇದ್ದು, ತನ್ನ ಸರದಿಗೆ ಮೊದಲೇ ಪಣವೂ ಏರಿಕೆಯೂ ನಡೆದಿದ್ದರೆ ಜೋಡಿಯನ್ನು ಕೈಬಿಡುವುದು ವಿವೇಕ. ಏಕೆಂದರೆ ಸೋತ ಜೋಡಿಯನ್ನು ಉಳಿಸಬಲ್ಲ ಎಲೆಗಳು ಬಹುಮಟ್ಟಿಗೆ ಎರಡೇ. ಅವುಗಳಲ್ಲೊಂದು ಟರ್ನ್‌ನಲ್ಲಿ ಬರುವ ಸಾಧ್ಯತೆ 47ರಲ್ಲಿ 2, ಅಂದರೆ ಶೇ. 4.3.

ಒಂದು ಉದಾಹರಣೆ

ಸಣ್ಣ ಪಣ 2 ಬಿಲ್ಲೆ, ದೊಡ್ಡ ಪಣ 4 ಬಿಲ್ಲೆ ಎಂದಿರಲಿ. ರಾಣಿಯ ಜೋಡಿಯುಳ್ಳವನು ಏರಿಸಿ 4 ಬಿಲ್ಲೆ ಹಾಕುತ್ತಾನೆ. ಇಬ್ಬರು ತಲಾ 4 ಹಾಕಿ ಉಳಿಯುತ್ತಾರೆ. ಮತ್ತೊಬ್ಬ ಕಡ್ಡಾಯವಾಗಿ ಹಾಕಿದ್ದ 1 ಬಿಲ್ಲೆಯನ್ನು ಬಿಟ್ಟು ಹೊರನಡೆಯುತ್ತಾನೆ. ಒಟ್ಟು 13. ಫ್ಲಾಪ್‌ನಲ್ಲಿ ಆಟೀನ್ 9, ಆಟೀನ್ 6, ಕಳಾವರ್ 2 ಬೀಳುತ್ತವೆ. ಏರಿಕೆ, ಮರುಏರಿಕೆಗಳಾಗಿ ಉಳಿದ ಇಬ್ಬರೂ ತಲಾ 6 ಹಾಕುತ್ತಾರೆ. ಮೂರನೆಯವನು ಏನನ್ನೂ ಸೇರಿಸದೆ ಬಿಡುತ್ತಾನೆ. ಒಟ್ಟು 25. ಟರ್ನ್‌ನಲ್ಲಿ ಇಸ್ಪೀಟು ರಾಜ ಬಂದು, ತಲಾ 4 ಸೇರಿ 33 ಆಗುತ್ತದೆ. ರಿವರ್‌ನಲ್ಲಿ ಆಟೀನ್ 5 ಬೀಳುತ್ತದೆ. ರಾಣಿಯವನು ಸುಮ್ಮನಿರಲು ಎದುರಾಳಿ 4 ಒಡ್ಡುತ್ತಾನೆ.

ಈಗ 37 ಬಿಲ್ಲೆಗಳನ್ನು ಗೆಲ್ಲಲು 4 ಹಾಕಬೇಕು. 4ನ್ನು 41ರಿಂದ ಭಾಗಿಸಿದರೆ ಶೇ. 9.8. ಹತ್ತು ಬಾರಿಗೆ ಒಮ್ಮೆ ತನ್ನ ಕೈ ಮೇಲಾಗಿದ್ದರೂ ಹಾಕಿದ್ದು ನಷ್ಟವಲ್ಲ. ಒಂಬತ್ತು ಸಲ ಸೋತು ಒಮ್ಮೆ ಗೆದ್ದವನ ನಿರ್ಧಾರವೂ ಸರಿಯಾಗಿರಬಹುದು ಎಂಬುದು ಲಿಮಿಟ್ ಆಟದ ವಿಶೇಷ. ಆದರೆ ಈ ಲೆಕ್ಕ ರಿವರ್‌ನ ಕೊನೆಯ ಪಣಕ್ಕೆ ಮಾತ್ರ ಅನ್ವಯಿಸುತ್ತದೆ. ಮೊತ್ತ ಇನ್ನೂ ಚಿಕ್ಕದಿದ್ದು, ಮುಂದೆ ಎರಡು ದೊಡ್ಡ ಪಣಗಳು ಬಾಕಿಯಿರುವಾಗ ಇದನ್ನೇ ನೆಪಮಾಡಿ ಉಳಿಯುವುದು ತಪ್ಪು.

ಗಣಕ ಸಂಶೋಧನೆ

ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ, ಇಬ್ಬರೇ ಆಡುವ ಲಿಮಿಟ್ ಹೋಲ್ಡೆಮ್ ‘ಬಹುತೇಕ ಪರಿಹಾರಗೊಂಡಿದೆ’ ಎಂದು ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರ ಗಣಕ ಕಾರ್ಯಕ್ರಮದ ಹೆಸರು ಸೆಫಿಯಸ್. ಮೂವರು ಅಥವಾ ಹೆಚ್ಚು ಮಂದಿ ಆಡುವ ಮೇಜಿಗೆ ಈ ಪರಿಹಾರ ಅನ್ವಯಿಸುವುದಿಲ್ಲ.

ಕರ್ನಾಟಕದಲ್ಲಿ

ನಿಟ್ಟೂರು, ಗುಬ್ಬಿ, ಕುಣಿಗಲ್ ಮೊದಲಾದ ಹಳೆಯ ಮೈಸೂರು ಸೀಮೆಯ ಊರುಗಳಲ್ಲಿ ಇಸ್ಪೀಟು ಎಂದರೆ ಹೆಚ್ಚಾಗಿ ರಮ್ಮಿ ಮತ್ತು ಅಂದರ್ ಬಾಹರ್. ಯುಗಾದಿಯ ದಿನಗಳಲ್ಲಿ ಇಸ್ಪೀಟಾಡುವ ರೂಢಿಯೂ ಈ ಭಾಗದಲ್ಲಿದೆ. ಅಂದರ್ ಬಾಹರ್‌ನಲ್ಲಿ ಪಣವಿಟ್ಟ ಮೇಲೆ ಎಲೆ ಯಾವ ಬದಿಗೆ ಬೀಳುವುದೋ ಅದಕ್ಕೆ ಕಾಯುವುದಷ್ಟೇ ಉಳಿಯುತ್ತದೆ. ಹೋಲ್ಡೆಮ್‌ನಲ್ಲಿ ಪ್ರತಿ ಹಂತದಲ್ಲೂ ಉಳಿಯುವ, ಏರಿಸುವ, ಬಿಡುವ ಆಯ್ಕೆಯಿದೆ. ಕೌಶಲವೋ ಅದೃಷ್ಟವೋ ಎಂಬ ಕಾನೂನಿನ ಚರ್ಚೆ ನಿಂತಿರುವುದು ಈ ವ್ಯತ್ಯಾಸದ ಮೇಲೆ.

ಕರ್ನಾಟಕ ಪೊಲೀಸ್ ಅಧಿನಿಯಮ, 1963ರ 79 ಮತ್ತು 80ನೆಯ ಕಲಂಗಳು ಜೂಜುಕಟ್ಟೆ ನಡೆಸುವುದನ್ನೂ ಅಲ್ಲಿ ಆಡುವುದನ್ನೂ ಶಿಕ್ಷಾರ್ಹಗೊಳಿಸುತ್ತವೆ; 176ನೆಯ ಕಲಂ ಕೌಶಲದ ಆಟಗಳಿಗೆ ವಿನಾಯಿತಿ ನೀಡುತ್ತದೆ. ಪೋಕರನ್ನು ಕೌಶಲದ ಆಟವಾಗಿ ಆಡಿದರೆ ಪರವಾನಗಿ ಬೇಕಿಲ್ಲವೆಂದು ಕರ್ನಾಟಕ ಉಚ್ಚ ನ್ಯಾಯಾಲಯ 2013ರಲ್ಲಿ ಹೇಳಿತು. ಕೌಶಲದ ಆಟಗಳ ಮೇಲಿನ ಪಣವನ್ನೂ ನಿಷೇಧಿಸಿದ 2021ರ ತಿದ್ದುಪಡಿಯ ಕಲಂಗಳನ್ನು ಅದೇ ನ್ಯಾಯಾಲಯ 2022ರ ಫೆಬ್ರವರಿ 14ರಂದು ರದ್ದುಪಡಿಸಿತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಆನ್‌ಲೈನ್ ಗೇಮಿಂಗ್ ಅಧಿನಿಯಮವು, ಕೌಶಲ–ಅದೃಷ್ಟಗಳ ಭೇದವೆಣಿಸದೆ, ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಒದಗಿಸುವುದನ್ನು ನಿಷೇಧಿಸುತ್ತದೆ.

ಮೇಲಿನ ಗಣಿತವು ದೀರ್ಘಾವಧಿಯ ಸರಾಸರಿಯನ್ನು ಮಾತ್ರ ತಿಳಿಸುತ್ತದೆ. ಒಂದು ರಾತ್ರಿಯ ಅಥವಾ ಒಂದು ತಿಂಗಳ ಫಲಿತಾಂಶ ಅದಕ್ಕೆ ತೀರ ವಿರುದ್ಧವಾಗಿರಬಹುದು. ಹಣವಿಡದೆ, ಕಡಲೆಕಾಳನ್ನೇ ಬಿಲ್ಲೆಯಾಗಿ ಇಟ್ಟುಕೊಂಡು ಆಡಿದರೂ ಸಂಭವನೀಯತೆಯ ಈ ಪಾಠ ಬದಲಾಗುವುದಿಲ್ಲ.